ಇಂದಿನ ಧಮ್ಮ ಚಿಂತನೆ: ಸೈಕಲ್ ಇಳಿಯದೆ



ಮಜ್ಝಿಮ ನಿಕಾಯದ ನಾಲ್ಕನೆಯ ಸುತ್ತ ಭಯಭೇರವ ಸುತ್ತ. ಜಾನುಸ್ಸೋಣಿ ಎಂಬ ಬ್ರಾಹ್ಮಣ ಜೇತವನಕ್ಕೆ ಬಂದು, ಕಾಡಿನಲ್ಲಿ ಒಬ್ಬರೇ ಇರುವುದು ಬಹಳ ಕಷ್ಟವಲ್ಲವೇ ಎನ್ನುತ್ತಾನೆ. ಜ್ಞಾನೋದಯಕ್ಕೆ ಮೊದಲು ನನಗೂ ಹಾಗೇ ಅನಿಸುತ್ತಿತ್ತು ಎಂದು ಭಗವಾನರು ಒಪ್ಪಿಕೊಳ್ಳುತ್ತಾರೆ. ತನಗೂ ಅಂಜಿಕೆ ಇತ್ತೆಂದು ಹೇಳುವ ಗುರು ನಮ್ಮವರು, ನನಗೆ ಇದೇ ದೊಡ್ಡ ಸಮಾಧಾನ.

ಅವರು ಬೇಕೆಂದೇ ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಯ ರಾತ್ರಿ ಜನ ಅಂಜುವ ಜಾಗಗಳಿಗೆ ಹೋಗಿ ಉಳಿದರು. ಒಂದು ಪ್ರಾಣಿ ಸುಳಿಯುತ್ತದೆ, ನವಿಲು ಕಡ್ಡಿ ಬೀಳಿಸುತ್ತದೆ, ಗಾಳಿಗೆ ತರಗೆಲೆ ಸರಸರ ಎನ್ನುತ್ತದೆ. ಭಯ ಬಂತು. ನಡೆಯುತ್ತಿದ್ದಾಗ ಬಂದರೆ ನಡೆಯುತ್ತಲೇ ಗೆದ್ದರು, ನಿಲ್ಲಲಿಲ್ಲ, ಕೂರಲಿಲ್ಲ. ಮಲಗಿದ್ದಾಗ ಬಂದರೆ ಎದ್ದು ಕೂರಲಿಲ್ಲ.

ನಾನು ಕೊಡೇಕಲ್‌ನಿಂದ ಪಕ್ಕದ ಹಳ್ಳಿಯ ಶಾಲೆಗೆ ಸೈಕಲ್ ಮೇಲೆ ಹೋಗುವವಳು. (ಸ್ಕೂಟಿ ತಗೊಳ್ರಿ ಟೀಚರ್ ಅನ್ನದವರಿಲ್ಲ.) ಕಾಲುವೆ ದಂಡೆಯ ಮೇಲೆ ಎರಡೂ ಕಡೆ ಜಾಲಿಕಂಟಿ ಒತ್ತಿ ಬಂದ ಒಂದು ತಿರುವಿದೆ. ಅಲ್ಲಿ ಹಿಂದಿನಿಂದ ಬಂದ ಬೈಕಿನ ಶಬ್ದ ನಿಧಾನವಾದರೆ ಸಾಕು, ಹ್ಯಾಂಡಲ್ ಹಿಡಿದ ಕೈ ಬೆವರುತ್ತದೆ. ಕಾಲು ಪೆಡಲ್ ಬಿಟ್ಟು ನೆಲ ಹುಡುಕುತ್ತದೆ. ಇಳಿ, ಪಕ್ಕಕ್ಕೆ ನಿಲ್ಲು ಎನ್ನುತ್ತದೆ ಮನಸ್ಸು.

ಈ 'ಇಳಿ' ನಮಗೆ ಹೊಸ ಮಾತಲ್ಲ. ಮೇಲ್ಜಾತಿಯವರ ಓಣಿ ಬಂದರೆ ನಮ್ಮ ಹಿರಿಯರು ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕಾದ ಊರುಗಳು ಎಷ್ಟಿದ್ದವು! 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗಲೂ ಕೆಲವು ಮನೆಗಳಲ್ಲಿ ಅದನ್ನು ತುಳಿದವರು ಅಣ್ಣಂದಿರು, ಅಪ್ಪಂದಿರು.

ಹಾಗಾಗಿ ಆ ತಿರುವಿನಲ್ಲಿ ನಾನು ಇಳಿಯುವುದಿಲ್ಲ. ಓಡಿಸುವುದೂ ಇಲ್ಲ. ಅದೇ ವೇಗದಲ್ಲಿ, ಉಸಿರು ಒಳಗೆ ಬಂತು, ಹೊರಗೆ ಹೋಯಿತು ಎಂದು ಗಮನಿಸುತ್ತಾ ತುಳಿಯುತ್ತೇನೆ. ಒಮ್ಮೆ ಆ ಬೈಕು ದಾಟಿ ಹೋದಾಗ ನೋಡಿದರೆ, ಹಿಂದೆ ಮೇವಿನ ಹೊರೆ ಕಟ್ಟಿಕೊಂಡ ಅಜ್ಜ. ದಾರಿಯ ಗುಂಡಿಗೆ ಅವನೂ ಅಂಜಿ ನಿಧಾನ ಮಾಡಿದ್ದ. ಭಯ ಮರುದಿನವೂ ಬಂತು, ಅದರ ಮರುದಿನವೂ. ತಿಂಗಳುಗಟ್ಟಲೆ ತುಳಿದ ಮೇಲೆ ಸಣ್ಣದಾಯಿತು.

ಸುತ್ತದಲ್ಲಿ ಇನ್ನೊಂದು ಮಾತಿದೆ, ಪ್ರವಚನಗಳಲ್ಲಿ ಅದನ್ನು ಹೇಳುವುದು ಕಡಿಮೆ. ಕೆಲವರು ರಾತ್ರಿಯನ್ನು ಹಗಲೆಂದು, ಹಗಲನ್ನು ರಾತ್ರಿಯೆಂದು ತಿಳಿಯುತ್ತಾರೆ. ನಾನು ರಾತ್ರಿಯನ್ನು ರಾತ್ರಿಯೆಂದೇ, ಹಗಲನ್ನು ಹಗಲೆಂದೇ ತಿಳಿಯುತ್ತೇನೆ ಎನ್ನುತ್ತಾರೆ ಬುದ್ಧರು. ತರಗೆಲೆಯ ಸದ್ದಿಗೆ ಮನೆಯಲ್ಲಿ ಕೂರುವುದು ಹಗಲನ್ನು ರಾತ್ರಿ ಮಾಡಿದಂತೆ. ಆದರೆ ಒಬ್ಬ ದಿನಾ ಬೆನ್ನು ಹತ್ತುತ್ತಿದ್ದರೆ, ಅಡ್ಡ ಹಾಕುತ್ತಿದ್ದರೆ, ಅದು ನಿಜವಾದ ರಾತ್ರಿ. ಅಲ್ಲಿ ಹುಡುಗಿಗೆ ಉಸಿರು ಗಮನಿಸು ಎಂದು ಬೋಧಿಸುವುದು ಅನ್ಯಾಯ. ಗಾಡಿಯ ನಂಬರ್ ಬರೆದುಕೊಳ್ಳಬೇಕು, 112ಕ್ಕೆ ಫೋನ್ ಮಾಡಬೇಕು, ನಾವು ನಾಲ್ಕು ಮಂದಿ ಆ ತಿರುವಿಗೆ ಹೋಗಿ ನಿಲ್ಲಬೇಕು.

ಭಿಕ್ಖುಣಿಯರು ಒಬ್ಬರೇ ಊರಿಂದೂರಿಗೆ ಹೋಗಬಾರದೆಂಬ ನಿಯಮ ವಿನಯದಲ್ಲಿದೆ ಎಂದು ಕೆಲವರು ತೋರಿಸುತ್ತಾರೆ. ಇದೆ, ನಿಜ. ಅಂದಿನ ದಾರಿಯಲ್ಲಿ ಹೆಣ್ಣಿಗೆ ಆಗುತ್ತಿದ್ದ ಹಿಂಸೆಯಿಂದ ಕಾಯಲು ಬಂದ ನಿಯಮ ಅದು. ನಮ್ಮ ಕೈಯಲ್ಲಿ ಬಾಬಾಸಾಹೇಬರು ರೂಪಿಸಿದ ಸಂವಿಧಾನವಿದೆ. ದೇಶದ ತುಂಬ ಮುಕ್ತವಾಗಿ ಓಡಾಡುವ ಹಕ್ಕನ್ನು ಅದರ 19ನೆಯ ವಿಧಿ ಕೊಟ್ಟಿದೆ. ಕಾಲುವೆ ದಂಡೆಯೂ ದೇಶದ ಒಳಗೇ ಇದೆ.

ಮೊನ್ನೆ ನಮ್ಮ ಗುಂಪಿನ ತಾಯಿಯೊಬ್ಬರು ಕೇಳಿದರು: "ಟೀಚರ್, ಮಗಳು ಒಬ್ಬಾಕಿನೇ ಸೈಕಲ್ ಮ್ಯಾಲ ಸಾಲಿಗಿ ಹೋಗ್ತೀನಂತಾಳ. ನನಗ ಅಂಜಿಕಿ. ಬಿಡಿಸಿಬಿಡ್ಲೇನ್ರಿ?"

ಬಿಡಿಸಬೇಡಿ ಅಕ್ಕ. ಸೋಮವಾರದಿಂದ ಒಂದು ವಾರ ಆ ತಿರುವಿನ ತನಕ ನಾನು ಆಕೆಯ ಜೊತೆ ತುಳಿಯುತ್ತೇನೆ. ಆಮೇಲೆ ಆಕೆ ಮುಂದೆ, ನಾನು ಸ್ವಲ್ಪ ಹಿಂದೆ. ಸೈಕಲ್ಲಿನ ಬ್ರೇಕ್ ಮಾತ್ರ ಈ ಭಾನುವಾರವೇ ಸರಿ ಮಾಡಿಸಿಡಿ.

ಜೈ ಭೀಮ್. ನಮೋ ಬುದ್ಧಾಯ.