ಮೂಲೆಯಲ್ಲೊಂದು ಗೆರೆ

ಕಾಡುಗೋಡಿ ಮೆಟ್ರೋ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಆಫೀಸು. ಅಲ್ಲಿ ನಾನು ಮಾಡೋ ಕೆಲಸ ಸರ್ಫೇಸ್ ಮಾಡೆಲಿಂಗ್. ಮಿಕ್ಸಿಯ ಹೊರಗಿನ ಬಾಡಿ, ಸ್ಕೂಟರ್ ಹೆಡ್‌ಲೈಟಿನ ಸುತ್ತ ಇರೋ ಪ್ಲಾಸ್ಟಿಕ್ಕು, ಇಂಥವುಗಳ ಮೈಯನ್ನು ಕಂಪ್ಯೂಟರಿನಲ್ಲಿ ಹೊಲಿಯುವುದು. ಹೊಲಿಯುವುದು ಅಂತ ಸುಮ್ಮನೆ ಅಂದಿದ್ದಲ್ಲ. ಸಾಫ್ಟ್‌ವೇರಿನಲ್ಲಿ ಸರ್ಫೇಸ್ ಅಂದರೆ ದಪ್ಪವೇ ಇಲ್ಲದ ಬಟ್ಟೆ. ಒಂದೊಂದೇ ತುಂಡು ಮಾಡಿ, ಅಂಚಿಗೆ ಅಂಚು ಕೂಡಿಸಿ 'ಸ್ಟಿಚ್' ಒತ್ತಬೇಕು. ಎಲ್ಲೂ ಸಂದಿಲ್ಲದಿದ್ದರೆ ಸಾಲಿಡ್ ಆಗುತ್ತೆ. ಇದ್ದರೆ ಆಗಲ್ಲ.

ಕಳೆದ ವರ್ಷ ಒಂದು ಶುಕ್ರವಾರ ಸಂಜೆ ನನ್ನದು ಆಗಲಿಲ್ಲ. ಮೂರು ಬಾಗಿದ ಮೈಗಳು ಸೇರುವ ಮೂಲೆಯಲ್ಲಿ 0.04 ಮಿಲಿಮೀಟರ್ ಸಂದು. ತಲೆಗೂದಲಿಗಿಂತ ಸಣ್ಣದು. ಸರಿ ಮಾಡಬೇಕಂದ್ರೆ ಆ ಮೂಲೆಯನ್ನು ಪೂರ್ತಿ ಬಿಚ್ಚಿ, ಅರ್ಧ ದಿನ ಕೂತು ಮತ್ತೆ ಕಟ್ಟಬೇಕು. ನಾನು ಸ್ಟಿಚ್ ಟಾಲರೆನ್ಸನ್ನು 0.001ರಿಂದ 0.05ಕ್ಕೆ ಏರಿಸಿದೆ. ಸಾಲಿಡ್ ಆಯ್ತು. ಫೈಲ್ ಕಳಿಸಿ ಮೆಟ್ರೋ ಹತ್ತಿದೆ.

ಅವತ್ತು ನಾನು ಸುಳ್ಳು ಹೇಳಿದೆನಾ? ನನ್ನ ಪರ ವಾದ ಮಾಡೋದು ಸುಲಭ. ಎರಡು ಬಾಗಿದ ಮೈಗಳು ಒಂದನ್ನೊಂದು ಕತ್ತರಿಸುವ ಗೆರೆಯನ್ನು ಸಾಫ್ಟ್‌ವೇರೇ ಸಾಮಾನ್ಯವಾಗಿ ಕರಾರುವಾಕ್ಕಾಗಿ ಬರೆಯಲ್ಲ. ಹತ್ತಿರದ್ದೊಂದು ಗೆರೆ ಹುಡುಕಿ, ಟಾಲರೆನ್ಸ್ ಒಳಗಿದ್ದರೆ ಸಾಕು ಅನ್ನುತ್ತೆ. ಅಂದಾಜೇ ಸುಳ್ಳು ಅನ್ನೋದಾದರೆ ಇಡೀ ಕ್ಯಾಡ್ ಸುಳ್ಳು.

ಆದರೆ ಈ ವಿದ್ಯೆ ಯಾಕೆ ಹುಟ್ಟಿತು ಅಂತ ನೋಡಿದರೆ ಆ ವಾದ ಸಡಿಲವಾಗುತ್ತೆ. ಫ್ರಾನ್ಸಿನ ಕಾರ್ ಕಂಪನಿ ಸಿಟ್ರೋಯೆನ್‌ನಲ್ಲಿ 1959ರಲ್ಲಿ ಪಾಲ್ ದ ಕಾಸ್ತೆಲ್ಜೋ, ರೆನೋದಲ್ಲಿ 1960ರ ದಶಕದಲ್ಲಿ ಪಿಯೆರ್ ಬೆಜಿಯೆ, ಬೇರೆಬೇರೆಯಾಗಿಯೇ ಒಂದೇ ಬಗೆಯ ಗಣಿತ ಕಟ್ಟಿದರು. (ಸಿಟ್ರೋಯೆನ್ ಅದನ್ನು ಗುಟ್ಟಾಗಿಟ್ಟಿತು, ಹಾಗಾಗಿ ಹೆಸರೆಲ್ಲ ಬೆಜಿಯೆಗೆ. ಅದು ಬೇರೆಯೇ ಅನ್ಯಾಯದ ಕಥೆ.) ಅದಕ್ಕೂ ಮೊದಲು ಕಾರಿನ ಮೈ ಡ್ರಾಯಿಂಗಿನಲ್ಲಿ, ಟೆಂಪ್ಲೇಟಿನಲ್ಲಿ, ಮಾಡೆಲ್‌ನಲ್ಲಿ ಇರ್ತಿತ್ತು, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಬಿಟ್ಟುಹೋದದ್ದನ್ನು ಕೆಲಸಗಾರನ ಕಣ್ಣು ತುಂಬಿಸಬೇಕಿತ್ತು. ಆಕಾರವನ್ನು ಗಣಿತದಲ್ಲೇ ಬರೆದರೆ ಡಿಸೈನ್ ಮಾಡಿದವನೂ ಉಕ್ಕು ಕತ್ತರಿಸುವವನೂ ಒಂದೇ ವಸ್ತುವಿನ ಬಗ್ಗೆ ಮಾತಾಡಬಹುದು. ನನ್ನ ಫೈಲ್ ಪೀಣ್ಯಕ್ಕೆ ಹೋದದ್ದು ಆ ನಂಬಿಕೆಯ ಮೇಲೇ.

ಒಂದು ತಿಂಗಳಾದ ಮೇಲೆ, ಮೋಲ್ಡ್ ನೋಡಿ ಬಾ ಅಂತ ಆಫೀಸಿನಿಂದ ನನ್ನನ್ನೂ ಅಲ್ಲಿಗೆ ಕಳಿಸಿದರು. ಕಾಡುಗೋಡಿಯಿಂದ ಹೊರಟು, ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಿಸಿ ಪೀಣ್ಯದ ಶೆಡ್ ಸೇರಿದೆ. ಉಕ್ಕಿನಲ್ಲಿ ಅದೇ ಮೂಲೆ, ಅದೇ ಜಾಗದಲ್ಲಿ ಕೂದಲೆಳೆಯಂಥ ಗೆರೆ. ಹೊಳಪಿನ ಪ್ಲಾಸ್ಟಿಕ್ಕು ಮೋಲ್ಡಿನ ಯಾವ ಗೆರೆಯನ್ನೂ ಮುಚ್ಚಿಡಲ್ಲ. ಐವತ್ತು ದಾಟಿದ ಪಾಲಿಶ್ ಕೆಲಸದವರೊಬ್ಬರು ಬಗ್ಗಿ ಕಲ್ಲಿನಿಂದ ಉಜ್ಜುತ್ತಿದ್ದರು. ಅವತ್ತಿಗೆ ಎರಡನೇ ದಿನವಂತೆ. ಆಮೇಲೆ ಡೈಮಂಡ್ ಪೇಸ್ಟ್ ಹಚ್ಚಿ ಇನ್ನೊಂದು ಸುತ್ತು ಇತ್ತು.

"ಡಿಸೈನ್ ನಿಮ್ದೇನಾ ಸಾರ್?"

ಹೂಂ ಅಂದೆ.

"ಇಲ್ಲಿ ಹಿಂಗಿದೆ ಅಂತ ಒಂದ್ ಮಾತು ಹೇಳಿದ್ರೆ ಕಟಿಂಗ್‌ಗೆ ಮುಂಚೇನೇ ನೋಡ್ಕೋತಿದ್ವಿ." ಮಾತಲ್ಲಿ ಸಿಟ್ಟಿರಲಿಲ್ಲ.

"ಗೊತ್ತಾಗ್ಲಿಲ್ಲ ಅಣ್ಣ" ಅಂದೆ. ಶುಕ್ರವಾರದ್ದು ಏನೇ ಇರಲಿ, ಇದಂತೂ ಸುಳ್ಳು.

ಅಂದಾಜು ಮಾಡಿದ್ದು ತಪ್ಪಲ್ಲ ಅಂತ ಈಗಲೂ ಅನಿಸುತ್ತೆ. ಅಂದಾಜು ಎಲ್ಲಿದೆ ಅಂತ ಗೊತ್ತಿದ್ದ ಒಬ್ಬನೇ ಒಬ್ಬ ನಾನು, ಬಾಯಿ ಬಿಡಲಿಲ್ಲ. ಹಾಗಾಗಿ ನಾನು ಉಳಿಸಿದ ಅರ್ಧ ದಿನ ಅವರ ಎರಡು ದಿನವಾಯ್ತು. ಅವರ ಗಂಟೆಗೆ ನನ್ನ ಗಂಟೆಗಿಂತ ಬೆಲೆ ಕಡಿಮೆ. ಅದಕ್ಕೇ ಏನೋ, ನಮ್ಮ ಆಫೀಸಿನ ಯಾವ ಎಕ್ಸೆಲ್ ಶೀಟಿನಲ್ಲೂ ಅದು ನಷ್ಟ ಅಂತ ಬರಲಿಲ್ಲ.

ಹೋದ ವಾರ ಇನ್ನೊಂದು ಫೈಲ್, ಇನ್ನೊಂದು ಹಠಮಾರಿ ಮೂಲೆ. ಕಳಿಸುವ ಮೇಲ್‌ನಲ್ಲಿ ಒಂದು ಸಾಲು ಸೇರಿಸಿದೆ: ಬಲಗಡೆ ಕೆಳಮೂಲೆಯಲ್ಲಿ ಟಾಲರೆನ್ಸ್ 0.03, ಕಟಿಂಗ್‌ಗೆ ಮೊದಲು ನೋಡಿ. ಟೀಮ್ ಲೀಡ್ ಓದಿ, "ನಮ್ ತಪ್ಪನ್ನ ನಾವೇ ಬರ್ದು ಕಳಿಸೋದಾ?" ಅಂದರು.

ಸಾಲು ಅಳಿಸಿಲ್ಲ. ಮೇಲ್ ಇನ್ನೂ ಡ್ರಾಫ್ಟ್‌ನಲ್ಲೇ ಇದೆ.