ಅಕ್ಷರವಿರುವ ಕಾಗದವನ್ನು ಅರೆಯಬಹುದೇ?

ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳಬೇಕೆಂದು ಕಲಿತು ಬೆಳೆದವರು ನಾವು. ಅಕ್ಷರವೆಂದರೆ ಸರಸ್ವತಿ. ಹೀಗಿರುವಾಗ ರಿಗ್ಗೈಯ ನಮ್ಮ ಫ್ಲ್ಯಾಟುಗಳಲ್ಲಿ ಮಕ್ಕಳೊಡನೆ ಕುಳಿತು, ಹಳೆಯ ಪತ್ರಿಕೆಗಳನ್ನು ಹರಿದು, ನೀರಿನಲ್ಲಿ ನೆನೆಸಿ, ಮೈದಾ ಅಂಟಿನೊಡನೆ ಕಲಸಿ ಮುಖವಾಡ, ಆನೆ, ಗೊಂಬೆಗಳನ್ನು ಮಾಡುವುದು ಸರಿಯೇ? ಇದು ಮಕ್ಕಳೇ ಎತ್ತಿದ ಪ್ರಶ್ನೆ. ನಕ್ಕು ಬಿಡುವಂಥದ್ದಲ್ಲವೆಂದು ತೋರಿದ್ದರಿಂದ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ನಮ್ಮ ಅಜ್ಜಿಯಂದಿರನ್ನು ನೆನೆಯೋಣ. ಕಾಗದವನ್ನು ಕಣ್ಣಿಗೊತ್ತಿಕೊಳ್ಳಲು ಕಲಿಸಿದ ಅದೇ ಕೈಗಳು ಹಳೆಯ ಕಾಗದವನ್ನು ಮೆಂತ್ಯದೊಡನೆ ಒರಳಲ್ಲಿ ರುಬ್ಬಿ ಮೊರ, ಬುಟ್ಟಿಗಳಿಗೆ ಬಳಿಯುತ್ತಿದ್ದವು. ಸಂದು ಮುಚ್ಚುತ್ತಿತ್ತು, ಬುಟ್ಟಿಯ ಆಯುಸ್ಸು ಹೆಚ್ಚುತ್ತಿತ್ತು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಯ ಮೇಲೆ ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕೂಡಿಸಿದ 'ಕಿಟ್ಟ'ದಿಂದ ಆಕಾರ ತುಂಬುತ್ತಾರೆ. ಚಿಂದಿಯಿಂದಲೇ ದೇವರ ಮುಖವೂ ಮೂಡುತ್ತದೆ. ಇಲ್ಲೇ ಕುವೈತಿನ ಖಾದ್ಸಿಯಾದಲ್ಲಿ ಕಲಾವಿದೆ ಲಿಡಿಯಾ ಅಲ್-ಖತ್ತಾನ್ ಕನ್ನಡಿಯ ಚೂರುಗಳಿಂದ ತಮ್ಮ ಇಡೀ ಮನೆಯನ್ನೇ 'ಕನ್ನಡಿ ಮನೆ'ಯಾಗಿಸಿದರು. ಹಳತಕ್ಕೆ ಹೊಸ ರೂಪ ಕೊಡುವುದು ಅವಮಾನವಲ್ಲ. ಕಸದ ಡಬ್ಬಿಗೆ ಎಸೆಯುವುದಕ್ಕಿಂತ ಅದು ಮೇಲು.

ಆದರೆ ಎಲ್ಲ ಕಾಗದವೂ ಒಂದೇ ಅಲ್ಲ. ಇಲ್ಲಿನ ಅರಬ್ಬಿ ಪತ್ರಿಕೆಗಳಲ್ಲಿ, ಮುಖ್ಯವಾಗಿ ಮರಣವಾರ್ತೆಗಳಲ್ಲಿ, ದೇವರ ಹೆಸರೂ ಕುರಾನಿನ ವಾಕ್ಯಗಳೂ ಅಚ್ಚಾಗಿರುತ್ತವೆ. ನೆರೆಯವರಿಗೆ ಅದು ಪವಿತ್ರ. ನಮಗೆ ಓದಲು ಬಾರದೆಂಬುದು ನೆಪವಾಗದು. ಓದಲು ಬಾರದವರೇ ಹೆಚ್ಚು ಎಚ್ಚರದಿಂದಿರಬೇಕು. ಅವನ್ನು ಬದಿಗಿಡೋಣ. ಮೊಟ್ಟೆಯ ಟ್ರೇ, ರಟ್ಟಿನ ಪೆಟ್ಟಿಗೆ, ಹಳೆಯ ಲೆಕ್ಕದ ನೋಟ್‌ಬುಕ್ಕು ಧಾರಾಳವಾಗಿ ಸಾಕು.

ಕಷ್ಟದ ಮಾತು ಕನ್ನಡ ಕಾಗದದ್ದು. ಊರಿನ ಸುದ್ದಿಯನ್ನು ಈಗ ಫೋನಿನಲ್ಲೇ ಓದುತ್ತೇವೆ. ಸೂಟ್‌ಕೇಸಿನಲ್ಲಿ ಬಂದ ವಾರಪತ್ರಿಕೆ, ಈ ಜೆರಾಕ್ಸ್ ಹಾಳೆ ಬಿಟ್ಟರೆ ಮನೆಯಲ್ಲಿ ಅಚ್ಚಾದ ಕನ್ನಡ ಅಪರೂಪ. ಹರಿಯಲು ಕೈ ಬರುವುದಿಲ್ಲ. ಹಾಗೆಂದು ಕಟ್ಟು ಕಟ್ಟಿ ಕಪಾಟಿನಲ್ಲಿ ಧೂಳು ಹಿಡಿಸುವುದು ಗೌರವವೇ? ಕಾಗದವನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಳ್ಳುವ ಮಗು ಅದರ ಒಂದು ಸಾಲನ್ನೂ ಓದಲಾರದು ಎಂದಾದರೆ, ಸರಸ್ವತಿಗೆ ನೋವಾಗುವುದು ಹರಿದದ್ದರಿಂದಲೋ, ಓದದೇ ಇದ್ದದ್ದರಿಂದಲೋ?

ಓದದೆ ಇಟ್ಟುಕೊಂಡ ಅಕ್ಷರಕ್ಕಿಂತ ಓದಿ ಅರೆದ ಅಕ್ಷರ ಹೆಚ್ಚು ಗೌರವ ಪಡೆದಿದೆ ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಒಂದು ನಿಯಮ ಮಾಡಿಕೊಂಡಿದ್ದೇವೆ: ಓದದ ಹಾಳೆಯನ್ನು ಹರಿಯಕೂಡದು. ಮಗು ತಾನು ಹರಿಯುವ ತುಂಡಿನ ಒಂದು ವಾಕ್ಯವನ್ನಾದರೂ ಗಟ್ಟಿಯಾಗಿ ಓದಬೇಕು, ಅರ್ಥವಾಗದ್ದನ್ನು ಕೇಳಬೇಕು. ಹೇಳಿಕೊಡಲು ದೊಡ್ಡವರು ಪಕ್ಕದಲ್ಲಿ ಕೂರಬೇಕು. ಇದರಿಂದ ಕೆಲಸ ನಿಧಾನವಾಗುತ್ತದೆ. ಆನೆಯ ಒಂದು ಕಿವಿಗೆ ಇಡೀ ಸಂಜೆ ಹಿಡಿಯುತ್ತದೆ. ಹಿಡಿಯಲಿ.

ಭಿನ್ನಾಭಿಪ್ರಾಯವುಳ್ಳವರು ದಯವಿಟ್ಟು ಬರೆದು ತಿಳಿಸಬೇಕು. ಈ ಸಂಚಿಕೆಯನ್ನೂ ಕೊನೆಯವರೆಗೆ ಓದಿದ ಮೇಲೆ ನೀರಿನಲ್ಲಿ ನೆನೆಸಲು ನಮ್ಮ ಅಭ್ಯಂತರವೇನೂ ಇಲ್ಲ.