ಅರ್ಹತೆಯ ಅಳತೆಗೋಲು ಯಾರದು?



ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಲು ಹೋದರೆ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲವೆಂದು ನಿರಾಕರಿಸುತ್ತದೆ. ಯಾವ ಕೆಲಸ ಮಾಡಬಲ್ಲೆ ಎಂದು ಕೇಳುವುದಿಲ್ಲ. ಹುಟ್ಟುವಾಗ ಏನಿತ್ತು ಎಂದಷ್ಟೇ ನೋಡುತ್ತದೆ. ಈ ತೀರ್ಪು ನಮಗೆ ಹೊಸದಲ್ಲ.

ಹೊಳೆನರಸೀಪುರದ ವಿದ್ಯಾರ್ಥಿನಿಯೊಬ್ಬಳ ಅಂಥದೇ ಲ್ಯಾಪ್‌ಟಾಪ್‌ಗೆ ನಾನು ಲಿನಕ್ಸ್ ಮಿಂಟ್ ಹಾಕಿಕೊಟ್ಟೆ. ಮೊದಲು ಪೆನ್‌ಡ್ರೈವ್‌ನಿಂದ ಶುರುವಾಗಲೇ ಇಲ್ಲ. ಬಯಾಸ್‌ಗೆ ಹೋಗಿ, ಬೂಟ್ ಆರ್ಡರ್‌ನಲ್ಲಿ ಯುಎಸ್‌ಬಿಯನ್ನು ಮೇಲಕ್ಕೆ ತಂದಾಗ ತೆರೆದುಕೊಂಡಿತು. ಈಗ ಅವಳ ಓದೆಲ್ಲ ಅದರಲ್ಲೇ.

ಕಾರಣ ಹುಡುಕಿದರೆ ದಾರಿ ಕಾಣುತ್ತದೆ. ಒಂದು ವ್ಯವಸ್ಥೆಗೆ ಹೊಂದದ್ದು ಕೆಲಸಕ್ಕೆ ಬಾರದ್ದಲ್ಲ. ಸಂಘದ ಬಾಗಿಲು ತೆರೆದಾಗ ಕ್ಷೌರಿಕ ಉಪಾಲಿ ವಿನಯದಲ್ಲಿ ಅಗ್ರನಾದ.

ತರಗತಿಯಲ್ಲಿ, ಮನೆಯಲ್ಲಿ ಮಗುವನ್ನು ‘ದಡ್ಡ’ ಎನ್ನುವ ಮುನ್ನ ಅಳತೆಗೋಲು ಯಾರದೆಂದು ಕೇಳೋಣ.

ಭವತು ಸಬ್ಬ ಮಂಗಲಂ.